ಬಲವನ್ನು ಅಮಾನತ್ತಾಗಿ ಕಂಡ ಚೀನಾದ ವಾಂಗ್ ಝಿಪಿಂಗ್



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ನಮ್ಮ ಮನೆಗಳಲ್ಲಿ ಕಾಫಿ ಕುದಿಯದ ದಿನವಿಲ್ಲ. ಹದಿನೇಳನೆಯ ಶತಮಾನದಲ್ಲಿ ಹಝ್ರತ್ ಬಾಬಾ ಬುಡನ್‌ರವರು ಹಜ್ ಯಾತ್ರೆಯಿಂದ ಮರಳುವಾಗ ಯಮನ್ ದೇಶದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಬೀಜ ತಂದವರು ಒಬ್ಬರು. ಆದರೆ ಕಾಫಿ ಇಲ್ಲಿ ಉಳಿದದ್ದು ಅವರೊಬ್ಬರಿಂದಲ್ಲ. ಅವರ ನಂತರದವರು ಸಸಿ ಎಬ್ಬಿಸಿದರು, ನೆರಳು ಮರ ಬೆಳೆಸಿದರು, ಮರಗಸಿ ಮಾಡಿದರು, ಚಿಗುರು ತೆಗೆದರು, ಕೊನೆಗೆ ತೋಟವನ್ನು ಮಕ್ಕಳ ಕೈಗೆ ಕೊಟ್ಟು ಹೋದರು. ಒಂದು ತಲೆಮಾರು ಕೈಬಿಟ್ಟರೆ ತೋಟ ಕಾಡಾಗುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿದ್ಯೆಯ ಸ್ಥಿತಿಯೂ ಇದೇ. ಕಲಿತವನ ಬಳಿಯೇ ಉಳಿದ ವಿದ್ಯೆ ಅವನೊಂದಿಗೇ ಮಣ್ಣಾಗುತ್ತದೆ. ಈ ಸತ್ಯವನ್ನು ಅರಿತು, ತನ್ನ ಹಿರಿಯರ ಒಂದು ಹಳೆಯ ವಿದ್ಯೆಯನ್ನು ತೊಂಬತ್ತು ವರ್ಷಗಳ ಬಾಳಿನುದ್ದಕ್ಕೂ ಕಾಪಾಡಿದ ಒಬ್ಬ ಮುಸ್ಲಿಮರ ಜೀವನವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅವರು ಆಲಿಮರಲ್ಲ, ಸುಲ್ತಾನರೂ ಅಲ್ಲ. ಅವರು ಚೀನಾದ ಒಬ್ಬ ಜಟ್ಟಿ ಹಾಗೂ ಮೂಳೆ ವೈದ್ಯರು. ಹೆಸರು ವಾಂಗ್ ಝಿಪಿಂಗ್.

ಚೀನಾದಲ್ಲಿ ಮುಸ್ಲಿಮರೇ ಎಂದು ನಿಮ್ಮಲ್ಲಿ ಕೆಲವರು ಆಶ್ಚರ್ಯಪಡಬಹುದು. ಅರಬ್ ಮತ್ತು ಪರ್ಷಿಯನ್ ವರ್ತಕರ ಮೂಲಕ ಇಸ್ಲಾಮ್ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಆ ದೇಶವನ್ನು ತಲುಪಿತ್ತು. ಅಲ್ಲಿನ ಮುಸ್ಲಿಮ್ ಜನಾಂಗಗಳಲ್ಲಿ ಹುಯ್ ಎಂಬುದು ದೊಡ್ಡದು. ಅವರ ಭಾಷೆ ಚೀನೀ, ಉಡುಗೆ ತೊಡುಗೆ ಬಹುಮಟ್ಟಿಗೆ ಚೀನೀ, ಆದರೆ ನಮಾಝ್, ಉಪವಾಸ, ಹಲಾಲ್ ಆಹಾರ ನಮ್ಮದೇ. ನೆರೆಯವರ ನಡುವೆ ಸಣ್ಣ ಸಂಖ್ಯೆಯಲ್ಲಿದ್ದ ಈ ಜನ ಆತ್ಮರಕ್ಷಣೆಗಾಗಿ ಕಾಳಗದ ವಿದ್ಯೆಗಳನ್ನು ಬೆಳೆಸಿಕೊಂಡರು. ಎಷ್ಟೋ ಊರುಗಳಲ್ಲಿ ಮಸೀದಿಯ ಅಂಗಳವೇ ಅವರ ಗರಡಿಯಾಗಿತ್ತು.

ಅವರ ವಿದ್ಯೆಗಳಲ್ಲಿ ಮುಖ್ಯವಾದುದು ಚಾ ಚುವಾನ್. ಚುವಾನ್ ಎಂದರೆ ಮುಷ್ಟಿ. ಇದರ ಹುಟ್ಟಿನ ಬಗ್ಗೆ ಒಂದು ಕಥೆಯಿದೆ. ದಂಡಿನೊಂದಿಗೆ ಹೊರಟಿದ್ದ ಪಶ್ಚಿಮ ಸೀಮೆಯ ಒಬ್ಬ ಮುಸ್ಲಿಮ್ ಯೋಧ ಶಾಂದೋಂಗ್ ಪ್ರಾಂತದ ಗುವಾನ್ ಎಂಬಲ್ಲಿ ಕಾಯಿಲೆ ಬಿದ್ದನಂತೆ. ಊರಿನವರು ಅವನನ್ನು ಶುಶ್ರೂಷೆ ಮಾಡಿ ಬದುಕಿಸಿದರು. ಆ ಋಣ ತೀರಿಸಲು ಅವನು ತನಗೆ ಗೊತ್ತಿದ್ದ ವಿದ್ಯೆಯನ್ನು ಅವರಿಗೆ ಧಾರೆಯೆರೆದನು. ಕಥೆ ಎಷ್ಟು ನಿಜವೋ ಅಲ್ಲಾಹನೇ ಬಲ್ಲ. ಆದರೆ ಉಪಕಾರಕ್ಕೆ ಪ್ರತಿಯಾಗಿ ಕೊಟ್ಟ ವಿದ್ಯೆ ಎಂದು ಆ ಜನ ಇದನ್ನು ನೆನೆಯುತ್ತಾರೆಂಬುದನ್ನು ಗಮನಿಸಿ.

ಚಾ ಚುವಾನ್‌ನಲ್ಲಿ 10 ವರಸೆಗಳಿವೆ. ಕೈಕಾಲುಗಳನ್ನು ಪೂರ್ತಿ ಚಾಚಿ, ನೆಗೆದು, ತಿರುಗಿ ಮಾಡುವ ಉದ್ದನೆಯ ವರಸೆಗಳವು. ಅದರ ಮೊದಲ ಪಾಠ ತಾನ್ ತುಯ್. ಒಂದೇ ಸಾಲಿನಲ್ಲಿ ಮುನ್ನಡೆಯುತ್ತಾ ಒಂದು ಸರಳ ಹೊಡೆತವನ್ನೂ ಒಂದು ಒದೆತವನ್ನೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಾವಿರಾರು ಸಲ ಮಾಡುವ ಕಲಿಕೆಯದು. ಅರಬಿ ಅಕ್ಷರಗಳಂತೆ ಇದಕ್ಕೂ ಮೊದಲು 28 ಸಾಲುಗಳಿದ್ದವು, ಈಗ ಉಳಿದಿರುವುದು 10 ಮಾತ್ರ ಎಂಬ ಹೇಳಿಕೆ ಹುಯ್ ಜನರಲ್ಲಿದೆ. ಅಲಿಫ್‌ನಿಂದ ಯಾ ತನಕ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಈ ಮಾತಿನ ನೋವು ಅರ್ಥವಾದೀತು. ಬರೆದಿಡದ, ಕಲಿಸದ ಅಕ್ಷರಗಳು ಹಾಗೆಯೇ ಕಳೆದುಹೋದವು.

ವಾಂಗ್ ಝಿಪಿಂಗ್ ಹುಟ್ಟಿದ್ದು 1881ರಲ್ಲಿ, ಹೆಬೈ ಪ್ರಾಂತದ ತ್ಸಾಂಗ್‌ಚೌ ಎಂಬಲ್ಲಿ. ಬೀಜಿಂಗಿನಿಂದ ದಕ್ಷಿಣಕ್ಕೆ ಹೋಗುವ ಮಹಾಕಾಲುವೆಯ ದಡದ ಊರದು. ಸುತ್ತಲಿನ ನೆಲ ಚೌಳು, ಬೆಳೆ ಕಡಿಮೆ. ಆದುದರಿಂದ ಅಲ್ಲಿನ ಎಷ್ಟೋ ಗಂಡಸರು ವರ್ತಕರ ಸರಕಿಗೆ ಕಾವಲು ಹೋಗಿ ಹೊಟ್ಟೆ ಹೊರೆಯುತ್ತಿದ್ದರು. ಕಾವಲಿನವರು ದಾರಿಯಲ್ಲಿ ತಮ್ಮ ಹೆಸರು ಕೂಗಿಕೊಂಡು ಹೋಗುವುದು ವಾಡಿಕೆ. ತ್ಸಾಂಗ್‌ಚೌ ದಾಟುವಾಗ ಮಾತ್ರ ಆ ಊರಿನ ಜಟ್ಟಿಗಳ ಮೇಲಿನ ಗೌರವದಿಂದ ಬಾಯಿ ಮುಚ್ಚಿಕೊಂಡು ಸಾಗುತ್ತಿದ್ದರೆಂದು ಪ್ರತೀತಿ.

ಇಂತಹ ಊರಿನಲ್ಲಿ ಬೆಳೆದ ಹುಡುಗ ಯೌವನಕ್ಕೆ ಕಾಲಿಡುವ ಹೊತ್ತಿಗೆ ದೇಶವೇ ಅಲ್ಲಾಡುತ್ತಿತ್ತು. 1900ರಲ್ಲಿ ಪರಕೀಯರ ವಿರುದ್ಧ ಎದ್ದ ಮುಷ್ಟಿಕಾಳಗದವರ ದಂಗೆಯನ್ನು ಎಂಟು ರಾಷ್ಟ್ರಗಳ ಸೇನೆಗಳು ಸೇರಿ ಹತ್ತಿಕ್ಕಿದವು. ತರುಣ ವಾಂಗ್ ಊರು ಬಿಟ್ಟು ಶಾಂದೋಂಗ್ ಪ್ರಾಂತದ ಜಿನಾನ್ ನಗರ ಸೇರಿದರು. ಅಲ್ಲಿ ಯಾಂಗ್ ಹೋಂಗ್‌ಶಿಯು ಎಂಬ ಚಾ ಚುವಾನ್ ಉಸ್ತಾದರ ಕಣ್ಣಿಗೆ ಬಿದ್ದರು. ತಿರುಗುತ್ತಿದ್ದ ಬೀಸುಗಲ್ಲನ್ನು ಈ ಹುಡುಗ ಬರಿಗೈಯಲ್ಲಿ ತಡೆದು ನಿಲ್ಲಿಸಿದ್ದನ್ನು ಕಂಡು ಉಸ್ತಾದರು ಬೆರಗಾದರೆಂದು ಹೇಳುತ್ತಾರೆ.

ಸೋದರರೇ, ಇಲ್ಲಿ ಸ್ವಲ್ಪ ಯೋಚಿಸಿ. ಕಲ್ಲು ನಿಲ್ಲಿಸುವ ತೋಳ್ಬಲವಿದ್ದವನಿಗೆ ಉಸ್ತಾದರ ಅಗತ್ಯವಿತ್ತೇ? ಇತ್ತು. ಬಲ ಅಲ್ಲಾಹನ ಕೊಡುಗೆ. ಅದನ್ನು ಎಲ್ಲಿ, ಎಷ್ಟು, ಹೇಗೆ ಬಳಸಬೇಕೆಂಬುದು ಮಾತ್ರ ಗುರುವಿನ ಮುಂದೆ ತಲೆಬಾಗಿ ಕಲಿಯುವ ವಿಷಯ. ವಾಂಗ್ ಅವರು ಯಾಂಗ್ ಉಸ್ತಾದರಿಂದ ಚಾ ಚುವಾನ್ ಕಲಿತರು. ಅಷ್ಟಕ್ಕೇ ನಿಲ್ಲದೆ ಬಾಜಿ ಚುವಾನ್ ಮೊದಲಾದ ಇತರ ಪದ್ಧತಿಗಳನ್ನೂ, ಕುಸ್ತಿಯನ್ನೂ, ಕತ್ತಿ ಈಟಿಗಳ ಬಳಕೆಯನ್ನೂ ಸಾಧಿಸಿಕೊಂಡರು.

ಅವರ ಬಲದ ಬಗ್ಗೆ ಚೀನಾದಲ್ಲಿ ಕಥೆಗಳು ಬಹಳ. ಚಿಂಗ್‌ಚೌ ಪಟ್ಟಣದ ಮಸೀದಿಯ ಹಳೆಯ ಕೆತ್ತನೆಯ ಬಾಗಿಲನ್ನು ಜರ್ಮನರು ಒಯ್ಯಲು ಬಂದಾಗ ಇವರು ಅಡ್ಡ ನಿಂತರಂತೆ. ಭಾರ ಎತ್ತುವ ಪಂದ್ಯ ನಡೆದು, ಇವರು ಗೆದ್ದು, ಬಾಗಿಲು ಉಳಿಯಿತಂತೆ. ಬೀಜಿಂಗಿಗೆ ಬಂದು ಚೀನೀಯರನ್ನು ಹೀಯಾಳಿಸಿದ ರಷ್ಯದ ಜಟ್ಟಿಯೊಬ್ಬನಿಗೆ ಸವಾಲು ಹಾಕಿದ ಕಥೆಯೂ ಇದೆ. ಬಾಯಿಂದ ಬಾಯಿಗೆ ಹೋಗುವಾಗ ಇಂತಹ ಕಥೆಗಳು ಬೆಳೆಯುವುದು ಸಹಜ. ಜನರು ಅವರಿಗೆ ಸಾವಿರ ತೂಕ ಎತ್ತುವ ರಾಜ ಎಂಬರ್ಥದ ಬಿರುದನ್ನೇ ಕೊಟ್ಟಿದ್ದರು.

ಆದರೆ ಅವರ ನಿಜವಾದ ಪರೀಕ್ಷೆ ಯಾವ ಜಟ್ಟಿಯಿಂದಲೂ ಬರಲಿಲ್ಲ. ಅದು ಕಾಲದಿಂದ ಬಂತು. 1912ರಲ್ಲಿ ತ್ಸಾಂಗ್‌ಚೌ ಮತ್ತು ಜಿನಾನ್ ಮೂಲಕ ಹಾದುಹೋಗುವ ರೈಲುದಾರಿ ಪೂರ್ಣಗೊಂಡಿತು. ಸರಕು ರೈಲಿನಲ್ಲಿ ಹೋಗತೊಡಗಿತು, ಹಣ ಬ್ಯಾಂಕಿನ ಮೂಲಕ ಸಾಗಿತು, ಕಳ್ಳರ ಕೈಗೂ ಕಾವಲಿನವರ ಕೈಗೂ ಬಂದೂಕು ಬಂತು. ಗಾಡಿಗಳ ಕಾವಲಿಗೆ ಜಟ್ಟಿಗಳು ಬೇಡವಾದರು. ಅನ್ನ ಕೊಡುತ್ತಿದ್ದ ವಿದ್ಯೆ ಒಂದೇ ತಲೆಮಾರಿನಲ್ಲಿ ನಿಷ್ಪ್ರಯೋಜಕವೆನಿಸಿತು. ಅನ್ನ ಕೊಡದ ವಿದ್ಯೆಯನ್ನು ಯಾಕೆ ಕಲಿಯಬೇಕು? ಯಾಕೆ ಕಲಿಸಬೇಕು? ಇಂದು ನಮ್ಮ ಮನೆಗಳಲ್ಲೂ ಕೇಳಿಬರುವ ಪ್ರಶ್ನೆಯಲ್ಲವೇ ಇದು?

ಈ ಪ್ರಶ್ನೆಗೆ ವಾಂಗ್ ಅವರ ಜೀವನದಲ್ಲಿ ಮೂರು ಉತ್ತರಗಳು ಸಿಗುತ್ತವೆ.

ಮೊದಲನೆಯದು, ತನ್ನ ಪಂಗಡದ ಗುಟ್ಟಾಗಿದ್ದುದನ್ನು ಎಲ್ಲರಿಗೂ ಕಲಿಸುವುದು. 1928ರಲ್ಲಿ ನಾನ್‌ಜಿಂಗ್ ನಗರದಲ್ಲಿ ದೇಶದ ಕಾಳಗ ವಿದ್ಯೆಗಳಿಗಾಗಿ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅದರ ಸ್ಥಾಪಕರಾದ ಜಾಂಗ್ ಝಿಜಿಯಾಂಗ್ ಕ್ರೈಸ್ತ ಮತದ ಸೇನಾಧಿಕಾರಿ. ಸಂಸ್ಥೆಯಲ್ಲಿ ಶಾವೊಲಿನ್ ಮತ್ತು ವೂದಾಂಗ್ ಎಂಬ ಎರಡು ವಿಭಾಗಗಳಿದ್ದವು. ಬೌದ್ಧ ವಿಹಾರವೊಂದರ ಹೆಸರು ಹೊತ್ತ ಶಾವೊಲಿನ್ ವಿಭಾಗಕ್ಕೆ ಮುಖ್ಯಸ್ಥರಾಗಿ ನೇಮಕಗೊಂಡವರು ಮುಸ್ಲಿಮರಾದ ವಾಂಗ್ ಝಿಪಿಂಗ್! ಆದರೆ ಅಲ್ಲಿ ಕಹಿಯೂ ನಡೆಯಿತು. ಯಾರ ಪದ್ಧತಿ ಮೇಲು ಎಂಬ ಪೈಪೋಟಿ ಬೆಳೆದು, ವಿಭಾಗಗಳ ಮುಖ್ಯಸ್ಥರೇ ಪರಸ್ಪರ ಸೆಣಸಾಟಕ್ಕೆ ಇಳಿದರು. ಕೊನೆಗೆ ಸಂಸ್ಥೆ ಆ ಎರಡು ವಿಭಾಗಗಳ ಏರ್ಪಾಡನ್ನೇ ರದ್ದುಗೊಳಿಸಬೇಕಾಯಿತು.

ಇದನ್ನು ಮರೆಮಾಚದೆ ಹೇಳುತ್ತಿರುವುದಕ್ಕೆ ಕಾರಣವಿದೆ. ಎದುರಾಳಿಯನ್ನು ನೆಲಕ್ಕೆ ಕೆಡಹುವವನಿಗಿಂತ ಕೋಪ ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂಬುದು ಪ್ರವಾದಿ ಮುಹಮ್ಮದ್(ಸ)ರವರು ನಮಗಿತ್ತ ಶಿಕ್ಷಣ. ಕಲ್ಲನ್ನು ತಡೆದ ಕೈಗೂ ಅಹಂಕಾರವನ್ನು ತಡೆಯುವುದು ಕಷ್ಟ. ವಿದ್ಯೆಯನ್ನು ಹೊರಗಿನ ಶತ್ರುವಿಗಿಂತ ಹೆಚ್ಚಾಗಿ ಕೆಡಿಸುವುದು ನನ್ನದೇ ಮೇಲು ಎಂಬ ಒಳಗಿನ ರೋಗ. ನಮ್ಮ ಮಹಲ್ಲಾಗಳಲ್ಲಿ, ನಮ್ಮ ಸಂಘಟನೆಗಳಲ್ಲಿ ಈ ರೋಗ ಇಲ್ಲವೆಂದು ನೀವು ಎದೆ ಮುಟ್ಟಿ ಹೇಳಬಲ್ಲಿರಾ?

ಎರಡನೆಯ ಉತ್ತರ, ಹೊಡೆಯುವ ಕೈಯನ್ನು ಗುಣಪಡಿಸುವ ಕೈಯನ್ನಾಗಿ ಮಾಡುವುದು. ವಾಂಗ್ ಅವರು ಶಾಂಘೈ ನಗರದಲ್ಲಿ ನೆಲೆಸಿ ಮೂಳೆ ಕಟ್ಟುವ ವೈದ್ಯರಾಗಿ ಹೆಸರಾದರು. ಕೀಲು ಎಲ್ಲಿ ತಪ್ಪುತ್ತದೆಂದು ಜಟ್ಟಿಗೆ ಗೊತ್ತು. ಆ ತಿಳಿವಿನಿಂದಲೇ ತಪ್ಪಿದ ಕೀಲನ್ನು ಕೂರಿಸಲೂ ಬಹುದು. ಮರಗಸಿಗೆ ಹತ್ತಿ ಜಾರಿದವರು, ಮೆಣಸು ಕೊಯ್ಯುವ ಏಣಿಯಿಂದ ಬಿದ್ದವರು ನಮ್ಮ ತೋಟದ ಲೈನುಗಳಲ್ಲಿ ಪ್ರತಿವರ್ಷ ಇದ್ದೇ ಇರುತ್ತಾರೆ. ಇಂತಹ ಕೈಯ ಬೆಲೆ ಏನೆಂದು ಅವರನ್ನು ಕೇಳಿ ತಿಳಿಯಿರಿ. 1958ರಲ್ಲಿ ವಾಂಗ್ ಅವರು ರೋಗ ನೀಗಿಸಿ ಆಯುಷ್ಯ ವೃದ್ಧಿಸುವ 20 ವ್ಯಾಯಾಮಗಳ ಪುಸ್ತಕವೊಂದನ್ನು ಹೊರತಂದರು. ಅದು ಜಟ್ಟಿಗಳಿಗಾಗಿ ಬರೆದದ್ದಲ್ಲ. ಸೊಂಟ ಹಿಡಿದುಕೊಂಡ, ಮಂಡಿ ನೋಯುವ ಸಾಮಾನ್ಯ ಜನರಿಗಾಗಿ ಬರೆದದ್ದು. ಹೀಗೆ ಕಾವಲು ಬಂಡಿಯ ವಿದ್ಯೆ ಮುದುಕರ ಮನೆಯಂಗಳಕ್ಕೆ ಬಂತು.

ಮೂರನೆಯ ಉತ್ತರ, ಸ್ವಂತ ಮನೆಯಲ್ಲಿ ಕಲಿಸುವುದು. 1928ರಲ್ಲಿ ಅವರಿಗೊಬ್ಬ ಮಗಳು ಹುಟ್ಟಿದಳು. ಹೆಸರು ವಾಂಗ್ ಜುರೋಂಗ್. ಈ ವಿದ್ಯೆ ಗಂಡಸರದ್ದೆಂದು ತಂದೆ ಆಕೆಯನ್ನು ಒಳಗೆ ಕೂರಿಸಲಿಲ್ಲ. ಎಳೆಯ ವಯಸ್ಸಿನಿಂದಲೇ ತಾನ್ ತುಯ್ ಸಾಲುಗಳನ್ನು, ಚಾ ಚುವಾನ್ ವರಸೆಗಳನ್ನು ಕಲಿಸಿದರು. ಆಕೆ ಮುಂದೆ ಶಾಂಘೈಯ ದೈಹಿಕ ಶಿಕ್ಷಣ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಹೆಣ್ಣುಮಕ್ಕಳ ಹೆತ್ತವರೇ, ಈ ಸಂಗತಿಯನ್ನು ಎರಡು ಸಲ ಓದಿ. ಸಾವಿರ ತೂಕದ ರಾಜನೆನಿಸಿಕೊಂಡವರ ವಿದ್ಯೆಯನ್ನು ಹೊತ್ತು ಸಾಗಿದ್ದು ಮಗಳ ಹೆಗಲು.

1960ರಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬರ್ಮಾ ದೇಶಕ್ಕೆ ಹೋದಾಗ ಕಾಳಗ ವಿದ್ಯೆಯ ತಂಡವೊಂದು ಜೊತೆಗೆ ಹೋಯಿತು. ಅದರ ತರಬೇತುದಾರರಾಗಿ ಹೋದವರು ಎಂಬತ್ತರ ಹೊಸ್ತಿಲಲ್ಲಿದ್ದ ವಾಂಗ್ ಝಿಪಿಂಗ್. ಆ ವಯಸ್ಸಿನಲ್ಲೂ ಅವರು ಅಲ್ಲಿ ಸ್ವತಃ ವರಸೆ ಮಾಡಿ ತೋರಿಸಿದರೆಂದು ಹೇಳುತ್ತಾರೆ.

ಆದರೆ ಸಂಜೆಯ ದಿನಗಳು ಸುಲಭದ್ದಾಗಿರಲಿಲ್ಲ. 1966ರಲ್ಲಿ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಹಳೆಯದೆಲ್ಲ ಅಪರಾಧವೆನಿಸಿತು. ಮಸೀದಿಗಳಿಗೆ ಬೀಗ ಬಿತ್ತು, ಧರ್ಮಗ್ರಂಥಗಳು ಬೆಂಕಿಗೆ ಬಿದ್ದವು, ಹಳೆಯ ಉಸ್ತಾದರು ಸಂಶಯಕ್ಕೆ ಗುರಿಯಾದರು. ಆ ಕತ್ತಲು ಸರಿದದ್ದು 1976ರಲ್ಲಿ. ವಾಂಗ್ ಅದನ್ನು ಕಾಣಲಿಲ್ಲ. 1973ರಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟಿದ್ದರು.

ಪುಸ್ತಕವನ್ನು ಸುಡಬಹುದು, ಗರಡಿಗೆ ಬೀಗ ಹಾಕಬಹುದು. ಮಗಳ ಮೈಯಲ್ಲಿ, ಶಿಷ್ಯರ ಕೈಕಾಲಿನಲ್ಲಿ ಇಳಿದಿದ್ದ ವಿದ್ಯೆಯನ್ನು ಯಾರು ಸುಡಬಲ್ಲರು? ಕತ್ತಲು ಸರಿದಾಗ ಅದು ಮತ್ತೆ ಚಿಗುರಿತು. ವಾಂಗ್ ಜುರೋಂಗ್ ಕೊನೆಗಾಲದಲ್ಲಿ ಅಮೆರಿಕದಲ್ಲಿ ನೆಲೆಸಿ ಅಲ್ಲಿಯೂ ಕಲಿಸಿದರು, 2006ರಲ್ಲಿ ತೀರಿಕೊಂಡರು. ಅಮೆರಿಕ ಮತ್ತು ಕೆನಡಾಗಳಲ್ಲಿ ಮೊಮ್ಮಕ್ಕಳೂ ಆ ದಾರಿಯನ್ನೇ ಹಿಡಿದರು. ಅದೇ 2006ರಲ್ಲಿ ಚೀನಾ ಸರಕಾರ ತ್ಸಾಂಗ್‌ಚೌ ಊರಿನ ಕಾಳಗ ವಿದ್ಯೆಯನ್ನು ರಾಷ್ಟ್ರೀಯ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಮ್ಮೆ ಬೇಡವಾಗಿದ್ದುದು ಈಗ ದೇಶದ ಆಸ್ತಿ.

ಓದುಗರೇ, ನಿಮ್ಮ ಮಕ್ಕಳೆಲ್ಲ ಕರಾಟೆಯನ್ನೋ ಚೀನೀ ವರಸೆಯನ್ನೋ ಕಲಿಯಬೇಕೆಂದು ಹೇಳಲು ನಾನು ಇದನ್ನು ಬರೆದಿಲ್ಲ. ಕಲಿಯುವವರು ಕಲಿಯಲಿ, ಒಳ್ಳೆಯದೇ. ಮೊಬೈಲಿನ ಮುಂದೆ ಬೆನ್ನು ಬಾಗಿಸಿ ಕೂತ ಮಕ್ಕಳಿಗೆ ಫಜ್ರ್ ನಮಾಝಿನ ಬಳಿಕ ಅರ್ಧ ಗಂಟೆಯ ಮೈದಂಡನೆ ಔಷಧಿಗಿಂತ ಮಿಗಿಲು. ನಾನು ಕೇಳುವುದು ಬೇರೆ. ನಿಮ್ಮ ಮನೆಯ ಹಿರಿಯರ ಕೈಯಲ್ಲಿ ಯಾವ ವಿದ್ಯೆಯಿದೆ? ಉಳುಕು ತೆಗೆಯುವುದೇ? ಕುರ್‌ಆನನ್ನು ಇಂಪಾಗಿ ಓದುವುದೇ? ಕಾಫಿ ಗಿಡದ ಕಾಯಿಲೆಯನ್ನು ಎಲೆ ನೋಡಿಯೇ ಹೇಳುವುದೇ? ಹಬ್ಬದ ಅಡುಗೆಯೇ, ಬಡಗಿ ಕೆಲಸವೇ, ಹಳೆಯ ಬೈತುಗಳೇ? ಅವರ ನಂತರ ಅದನ್ನು ಬಲ್ಲವರು ಯಾರು? ಹೆಸರು ಹೇಳಿ ನೋಡೋಣ.

ಉತ್ತರ ಬರದಿದ್ದರೆ ಚಿಂತಿಸುವ ಕಾಲ ಇದು. ಸಂಪತ್ತು ಹೇಗೆ ಅಮಾನತ್ತೋ ವಿದ್ಯೆಯೂ ಹಾಗೆಯೇ. ಅದನ್ನು ಮುಂದಿನವರ ಕೈಗೆ ತಲುಪಿಸದೆ ಹೋದವನು ವಾರಸುದಾರರ ಪಾಲನ್ನು ಉಳಿಸಿಕೊಂಡಂತೆ. ವಾಂಗ್ ಝಿಪಿಂಗ್ ತಾನು ಪಡೆದ ಬಲವನ್ನು ಗೋರಿಗೆ ಒಯ್ಯಲಿಲ್ಲ, ಹಂಚಿ ಹೋದರು. ಈ ವಾರ ಒಂದು ಸಂಜೆಯಾದರೂ ನಿಮ್ಮ ಮಗನನ್ನೋ ಮಗಳನ್ನೋ ಅಜ್ಜನ ಪಕ್ಕದಲ್ಲಿ, ಅಜ್ಜಿಯ ಪಕ್ಕದಲ್ಲಿ ಕೂರಿಸಿ. ಮಾತು ತಾನಾಗಿ ಶುರುವಾಗುತ್ತದೆ. ನಮಗೆ ಸಿಕ್ಕಿದ್ದನ್ನು ಕಾಪಾಡುವ, ಕಾಪಾಡಿದ್ದನ್ನು ವಿನಯದಿಂದ ಹಂಚುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.