ದಿವಾನ್ ವಿ. ಪಿ. ಮಾಧವರಾಯರು

ಕುಂಭಕೋಣದಲ್ಲಿ 1850ರಲ್ಲಿ ಜನಿಸಿದ ವಿ. ಪಿ. ಮಾಧವರಾಯರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿ, ಪ್ಲೇಗ್ ಕಮಿಷನರರಾಗಿ ದುಡಿದವರು. 1881ರಲ್ಲಿ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ ಅವರ ಕಣ್ಣೆದುರಿಗೇ ಬೆಳೆದಿತ್ತು.

1904ರಲ್ಲಿ ತಿರುವಾಂಕೂರಿನ ದಿವಾನರಾದಾಗ ಆ ಅನುಭವ ಅವರೊಡನೆ ಹೋಯಿತು. ಅಲ್ಲಿ 1888ರಿಂದಲೇ ಶಾಸನ ಪರಿಷತ್ತಿದ್ದರೂ ಅದು ನಾಮನಿರ್ದೇಶಿತರ ಸಣ್ಣ ಕೂಟವಾಗಿತ್ತು. 1904ರ ಅಕ್ಟೋಬರ್ 22ರಂದು ತಿರುವನಂತಪುರದಲ್ಲಿ ಶ್ರೀಮೂಲಂ ಪ್ರಜಾಸಭೆ ಮೊದಲ ಬಾರಿಗೆ ಸೇರಿತು. ಆ ವರ್ಷ ಸದಸ್ಯರನ್ನು ಅಧಿಕಾರಿಗಳೇ ಆರಿಸಿದ್ದರು. 1905ರ ನಿಯಮವು 100 ಸ್ಥಾನಗಳಲ್ಲಿ 77ನ್ನು ಚುನಾವಣೆಗೆ ಬಿಟ್ಟಿತು. ಮತದಾನದ ಹಕ್ಕು ಮಾತ್ರ ವರ್ಷಕ್ಕೆ 50 ರೂಪಾಯಿ ಕಂದಾಯ ತೆರುವವರು, 2,000 ರೂಪಾಯಿ ವರಮಾನವುಳ್ಳವರು, ಹಳೆಯ ಪದವೀಧರರು ಇವರಿಗೆ ಸೀಮಿತ. ಶಾಸನ ರಚಿಸುವ ಅಧಿಕಾರ ಸಭೆಗಿರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು. ಇದನ್ನು ಅಲ್ಪವೆಂದು ತಳ್ಳಿಹಾಕಲಾಗದು. 1912ರಲ್ಲಿ ಅಯ್ಯನ್‌ಕಾಳಿಯವರು ಪುಲಯರಿಗೆ ಭೂಮಿ ಬೇಕೆಂದು ಕೇಳಿದ್ದು ಇದೇ ಸಭೆಯಲ್ಲಿ. ನೆರೆಯ ಕೊಚ್ಚಿ ಸಂಸ್ಥಾನವಂತೂ ಶಾಸನ ಪರಿಷತ್ತಿಗಾಗಿ 1925ರವರೆಗೆ ಕಾಯಬೇಕಾಯಿತು.

1906ರಲ್ಲಿ ರಾಯರು ಮೈಸೂರಿನ ದಿವಾನರಾದರು. ಮರುವರ್ಷ ನ್ಯಾಯವಿಧಾಯಕ ಸಭೆ ಬಂದಿತು. ಅದರ ಬೆನ್ನಿಗೇ, 1908ರಲ್ಲಿ, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಕೂಡದೆಂಬ ಕಾಯಿದೆಯೂ ಬಂದಿತು. ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಕರೆದಾಗ ಬಂದು ಎದುರಿಗೆ ನಿಂತು ಮಾತಾಡುವ ಪ್ರಜೆಯನ್ನು ರಾಯರು ಬಯಸಿದರು; ಕರೆಯದೆ, ಅಚ್ಚಿನಲ್ಲಿ ಮಾತಾಡುವವನನ್ನು ಸಹಿಸಲಿಲ್ಲ. ಅವರ ಸುಧಾರಣೆಯ ಮಿತಿ ಇಲ್ಲಿಯೇ ಇದೆಯೆಂದು ನನ್ನ ಭಾವನೆ.

1909ರಲ್ಲಿ ಮೈಸೂರನ್ನು ಬಿಟ್ಟು, ಮುಂದೆ ಬರೋಡೆಯ ದಿವಾನರಾಗಿ, ನಿವೃತ್ತರಾದರು. ವಿಚಿತ್ರವೆಂದರೆ, 1920ರಲ್ಲಿ ಧಾರವಾಡದಲ್ಲಿ ಸೇರಿದ ಕರ್ನಾಟಕ ರಾಜಕೀಯ ಪರಿಷತ್ತಿನ ಅಧ್ಯಕ್ಷಪೀಠದಲ್ಲಿ ಕುಳಿತವರೂ ಅವರೇ. 1934ರಲ್ಲಿ ತೀರಿಕೊಂಡರು.