ಮೋಡ ನೋಡಿ ಹಾರಿದ ಟಪಾಲು ವಿಮಾನ

ಬೆಂಗ್ರೆ: ಅಳಿವೆ ಬಾಗಿಲಿನ ಅಲೆ ನೋಡಿ ದೋಣಿ ದಾಟಿಸುವ ಬೆಂಗ್ರೆಯವರಿಗೆ ಮಳೆಗಾಲದ ಆಕಾಶದ ಗುಣ ಯಾರೂ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಕಪ್ಪು ಮೋಡ, ಮತ್ತೆ ನೋಡಿದರೆ ಎದುರಿನ ಬಂದರೇ ಕಾಣದು. ಇಂಥ ಆಕಾಶದಲ್ಲಿ ಒಂಟಿ ಎಂಜಿನಿನ ಪುಟ್ಟ ವಿಮಾನಗಳಿಂದ ಹೊತ್ತಿಗೆ ಸರಿಯಾಗಿ ಟಪಾಲು ಮುಟ್ಟಿಸಿದವರು ಜೆ.ಆರ್.ಡಿ. ಟಾಟಾ.

ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಪಾರ್ಸಿ, ಅಮ್ಮ ಫ್ರೆಂಚ್. ಹುಡುಗನಿದ್ದಾಗ ಫ್ರಾನ್ಸಿನ ಕಡಲ ಕಿನಾರೆಯಲ್ಲಿ, ಮರಳ ಮೇಲೆ ವಿಮಾನ ಇಳಿಯುವುದನ್ನು ಕಂಡು ಹಾರುವ ಹುಚ್ಚು ಹಿಡಿಯಿತು. 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲನೇ ನಂಬರಿನ ಪೈಲಟ್ ಲೈಸೆನ್ಸ್ ಅವರ ಕೈಸೇರಿತು.

ವಿಮಾನದಲ್ಲಿ ಟಪಾಲು ಒಯ್ಯುವ ಯೋಚನೆ ತಂದವರು ನೆವಿಲ್ ವಿನ್ಸೆಂಟ್ ಎಂಬ ಮಾಜಿ ವಾಯುಪಡೆ ಪೈಲಟ್. ಸರಕಾರದ ಸಹಾಯಧನ ಇಲ್ಲದೆಯೇ ಕೆಲಸ ಶುರುವಾಯಿತು. 1932ರ ಅಕ್ಟೋಬರ್ 15ರಂದು ಟಾಟಾ ಒಬ್ಬರೇ ಕರಾಚಿಯಿಂದ ಪುಸ್ ಮಾತ್ ವಿಮಾನ ಎಬ್ಬಿಸಿ, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಯ ಜುಹು ಮುಟ್ಟಿದರು. ಅಲ್ಲಿಂದ ವಿನ್ಸೆಂಟ್ ನಮ್ಮ ಬಳ್ಳಾರಿ ದಾರಿಯಾಗಿ ಮದರಾಸಿಗೆ ಹಾರಿದರು. ಮಂಗಳೂರಿಗೆ ಆ ಭಾಗ್ಯ ಇರಲಿಲ್ಲ. ಬಜಪೆ ನಿಲ್ದಾಣ ತೆರೆದದ್ದೇ 1951ರಲ್ಲಿ.

ಆಗ ವಿಮಾನದಲ್ಲಿ ರೇಡಿಯೋ ಇಲ್ಲ. ಮುಂದೆ ಮಳೆ ಉಂಟೋ ಇಲ್ಲವೋ ಎಂದು ಕೆಳಗಿನಿಂದ ಹೇಳುವವರಿಲ್ಲ. ನೆಲ ನೋಡಿಕೊಂಡೇ ದಾರಿ ಹಿಡಿಯಬೇಕು. ಮೋಡ ಕೆಳಗಿಳಿದರೆ ಘಟ್ಟದ ತುದಿ ಮುಚ್ಚಿಹೋಗುತ್ತದೆ, ಮೋಡದೊಳಗೆ ನುಗ್ಗಿದರೆ ಗುಡ್ಡಕ್ಕೆ ಬಡಿಯುವ ಭಯ. ಜುಹು ಬಯಲಂತೂ ಮಳೆಗಾಲದಲ್ಲಿ ನೀರಿನಡಿ. ಆ ತಿಂಗಳುಗಳಲ್ಲಿ ಪುಣೆಯ ಬಯಲೇ ಗತಿ. ಇಷ್ಟಾದರೂ ಮೊದಲ ವರ್ಷ ಒಂದೇ ಒಂದು ಟಪಾಲೂ ತಡವಾಗಲಿಲ್ಲ. ಘಟ್ಟದ ಮಳೆಯಲ್ಲೂ ಹೊತ್ತು ತಪ್ಪದ್ದಕ್ಕೆ ಸರಕಾರದ ವಿಮಾನ ಇಲಾಖೆಯೇ ತನ್ನ ವರದಿಯಲ್ಲಿ ಶಾಭಾಸ್ ಕೊಟ್ಟಿತು.

ಜೊತೆಗಾರ ವಿನ್ಸೆಂಟ್ 1942ರಲ್ಲಿ, ಯುದ್ಧಕಾಲದಲ್ಲಿ, ವಿಮಾನದ ಜೊತೆಗೇ ಕಾಣೆಯಾದರು. ಟಪಾಲು ಕಂಪೆನಿ ಬೆಳೆದು 1946ರಲ್ಲಿ ಏರ್ ಇಂಡಿಯಾ ಆಯಿತು. 1953ರಲ್ಲಿ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡರೂ ಟಾಟಾ 1978ರವರೆಗೆ ಅಧ್ಯಕ್ಷರಾಗಿದ್ದರು. 1982ರಲ್ಲಿ, 78ನೇ ವಯಸ್ಸಿನಲ್ಲಿ, ಹಳೇ ಮಾದರಿಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಬ್ಬರೇ ಹಾರಿ ಬಂದರು. 1992ರಲ್ಲಿ ಭಾರತರತ್ನ. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು.

ಮಳೆ ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ, ಹೊತ್ತು ಕಾಯುವುದು ಮನುಷ್ಯನ ಕೈಯಲ್ಲುಂಟು. ಎರಡು ಹನಿ ಬಿದ್ದ ಕೂಡಲೇ ಟ್ರಿಪ್ ಕಟ್ ಮಾಡುವ ಬಸ್ಸಿನವರು ಈ ಲೆಕ್ಕ ಸ್ವಲ್ಪ ನೋಡಿಕೊಳ್ಳಲಿ.