ಮನೆಮಂದಿಯನ್ನೆಲ್ಲ ಒಂದೆಡೆ ಕೂರಿಸಿದ ವರ್ಜೀನಿಯಾ ಸಟೀರ್

ಮನೆಯಲ್ಲಿ ಒಬ್ಬನ ಮನಸ್ಸು ಕೆಟ್ಟಿತೆಂದರೆ ಅವನೊಬ್ಬನನ್ನೇ ವೈದ್ಯರ ಬಳಿಗೆ ಕರೆದೊಯ್ದು ಒಪ್ಪಿಸಿ ಬರುವುದು ಲೋಕದ ರೂಢಿ. ಗಂಡಹೆಂಡಿರಲ್ಲಿ ಒಡಕು ಹುಟ್ಟಿದರೆ ತಪ್ಪು ಯಾರದೆಂದು ಪಂಚಾಯಿತಿ ನಡೆಸಿ, ಇಬ್ಬರಲ್ಲೊಬ್ಬರನ್ನು ಅಪರಾಧಿಯೆಂದು ತೀರ್ಮಾನಿಸುವುದೂ ಅಂತಹುದೇ ರೂಢಿ. ಈ ಎರಡನ್ನೂ ಬದಿಗಿಟ್ಟು, ರೋಗಿಯೊಡನೆ ತಾಯಿ, ತಂದೆ, ಒಡಹುಟ್ಟಿದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಚಿಕಿತ್ಸೆ ನಡೆಸಿದವರಲ್ಲಿ ಅಮೆರಿಕಾ ದೇಶದ ವರ್ಜೀನಿಯಾ ಸಟೀರ್ ಅಗ್ರಗಣ್ಯರು. ಸಂಸಾರವನ್ನು ಊರಿನಲ್ಲಿಯೂ ದುಡಿಮೆಯನ್ನು ಪರಸ್ಥಳದಲ್ಲಿಯೂ ಇಟ್ಟುಕೊಂಡು ಬಾಳುವ ನಮ್ಮ ವಾಚಕರಿಗೆ ಈಕೆಯ ಚರಿತ್ರೆ ಅಪ್ರಸ್ತುತವೆನಿಸಲಾರದೆಂದು ನಂಬಿದ್ದೇವೆ.

1916ನೆಯ ಇಸವಿ ಜೂನ್ 26ರಂದು ವಿಸ್ಕಾನ್ಸಿನ್ ಪ್ರಾಂತದ ನೀಲ್ಸ್‌ವಿಲ್ ಎಂಬ ಊರಿನಲ್ಲಿ ಒಂದು ಒಕ್ಕಲು ಮನೆತನದಲ್ಲಿ ವರ್ಜೀನಿಯಾ ಹುಟ್ಟಿದರು. ಐವರು ಮಕ್ಕಳಲ್ಲಿ ಈಕೆಯೇ ಹಿರಿಯರು. ತಾಯಿ ಮಹಾ ದೈವಭಕ್ತೆ. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುವುದೆಂದು ಬೋಧಿಸುವ ಕ್ರೈಸ್ತ ಪಂಥವೊಂದಕ್ಕೆ ಸೇರಿದವರು. ಬಾಲಕಿಗೆ ಐದು ವರ್ಷವಾದಾಗ ಅಪೆಂಡಿಸೈಟಿಸ್ ಬೇನೆ ಬಂದಿತು. ತಾಯಿ ವೈದ್ಯರನ್ನು ಕರೆಸಗೊಡಲಿಲ್ಲ. ಕಡೆಗೆ ತಂದೆ ಹೆಂಡತಿಯ ಮಾತನ್ನು ಮೀರಿ ಆಸ್ಪತ್ರೆಗೆ ಸೇರಿಸುವ ವೇಳೆಗೆ ಕರುಳಿನ ಆ ಭಾಗ ಒಡೆದು ಹೋಗಿತ್ತು. ಜೀವವೇನೋ ಉಳಿಯಿತು, ಆದರೆ ಮಗು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ತಾಯಿಗೆ ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಪ್ರೀತಿಯಿದ್ದೂ ಇಂತಹ ಅನಾಹುತ ನಡೆಯುವುದುಂಟು. ತಂದೆತಾಯಿಗಳ ಒಳಗುಟ್ಟನ್ನು ಪತ್ತೆಹಚ್ಚುವ ಪತ್ತೇದಾರಳಾಗಬೇಕೆಂದು ಆ ಐದನೆಯ ವಯಸ್ಸಿನಲ್ಲಿಯೇ ತಾವು ನಿಶ್ಚಯಿಸಿದ್ದಾಗಿ ಮುಂದೆ ಆಕೆ ಹೇಳಿಕೊಳ್ಳುತ್ತಿದ್ದರು.

ಆ ಮನೆಯ ಹಿಂದಣ ಜಗಲಿಯಲ್ಲಿ ಮೂರು ಕಾಲಿನ ಒಂದು ದೊಡ್ಡ ಕಬ್ಬಿಣದ ಕೊಪ್ಪರಿಗೆ ಇದ್ದಿತು. ಕೆಲವು ಕಾಲ ತಾಯಿ ಅದರಲ್ಲಿ ಸಾಬೂನು ಕಾಯಿಸುವರು. ಒಕ್ಕಣೆಯ ಆಳುಗಳು ಬಂದಾಗ ಅದರಲ್ಲಿಯೇ ಅವರಿಗೆ ಅಡಿಗೆ. ಮಿಕ್ಕ ದಿನಗಳಲ್ಲಿ ಹೂವಿನ ಗಿಡಗಳಿಗೆ ಹಾಕುವ ಗೊಬ್ಬರವನ್ನು ತಂದೆ ಅದರಲ್ಲಿ ತುಂಬಿಡುವರು. ಆದುದರಿಂದ ಕೊಪ್ಪರಿಗೆ ಬೇಕಾದವರು ಎರಡು ಪ್ರಶ್ನೆಗಳನ್ನು ಕೇಳಲೇಬೇಕಾಗಿತ್ತು: ಈಗ ಅದರಲ್ಲಿ ಇರುವುದೇನು, ಮತ್ತು ಎಷ್ಟು ತುಂಬಿದೆ. ಮನುಷ್ಯನಿಗೆ ತನ್ನ ವಿಷಯದಲ್ಲಿ ತನಗಿರುವ ಬೆಲೆಗೆ ಸಟೀರ್ ಮುಂದೆ ಈ ಕೊಪ್ಪರಿಗೆಯನ್ನೇ ಹೋಲಿಸಿದರು. ತನ್ನನ್ನು ತಾನೇ ಕಸವೆಂದು ತಿಳಿದವನು ಮನೆಯವರಿಗೆ ಬಡಿಸುವುದೂ ಕಸವನ್ನೇ ಎಂಬುದು ಆಕೆಯ ಅನುಭವ. ಅಡಿಗೆಮನೆಯ ಪಾತ್ರೆಯೊಂದರಿಂದ ಶಾಸ್ತ್ರ ಹುಟ್ಟಿಸಿದ ಈ ಬುದ್ಧಿಯನ್ನು ಕಂಡರೆ ನಮ್ಮ ಕಸುಬಿನವರಿಗೆ ಸಂತೋಷವಾಗದಿರದು.

ಮಗಳಿಗೆ ಪ್ರೌಢಶಾಲೆಯ ಓದು ದೊರೆಯಲೆಂದು ತಾಯಿಯೇ ಹಟಹಿಡಿದು, 1929ರಲ್ಲಿ ಸಂಸಾರವನ್ನು ಹೊಲಮನೆಯಿಂದ ಮಿಲ್ವಾಕೀ ಪಟ್ಟಣಕ್ಕೆ ಸಾಗಿಸಿದರು. ಅದೇ ವರ್ಷ ಅಮೆರಿಕಾದಲ್ಲಿ ಆರ್ಥಿಕ ಕುಸಿತ ಆರಂಭವಾಯಿತು. ಹುಡುಗಿ ಓದುತ್ತಲೇ ಮನೆಗೆಂದು ದುಡಿದಳು. ಕಾಲೇಜು ಸೇರಿದ ಮೇಲೆಯೂ ಜವಳಿ ಮುಂತಾದ ಸಕಲ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ, ಸಂಜೆ ಪರರ ಶಿಶುಗಳನ್ನು ನೋಡಿಕೊಳ್ಳುವ ಕೆಲಸ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹುಡುಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಉಪಾಧ್ಯಾಯಿನಿಯಾದ ಮೇಲೆ ಈಕೆ ಶಾಲೆ ಬಿಟ್ಟೊಡನೆ ಮಕ್ಕಳ ಹಿಂದೆಯೇ ಅವರವರ ಮನೆಗಳಿಗೆ ಹೋಗಿ ಹಿರಿಯರನ್ನು ಕಂಡು ಬರತೊಡಗಿದರು. ತರಗತಿಯಲ್ಲಿ ತಂಟೆ ಮಾಡುವ ಮಗುವಿನ ತಂಟೆಗೆ ಕಾರಣ ಆ ಮಗುವಿನಲ್ಲಿ ಮಾತ್ರ ಇಲ್ಲವೆಂಬುದು ಆಗಲೇ ಮನದಟ್ಟಾಯಿತು. ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಸಮಾಜಸೇವಾಶಾಸ್ತ್ರವನ್ನು ವ್ಯಾಸಂಗ ಮಾಡಿ, 1948ರಲ್ಲಿ ಪ್ರಬಂಧವನ್ನೊಪ್ಪಿಸಿ ಪದವಿ ಪೂರೈಸಿದರು.

1951ರಲ್ಲಿ ಸ್ವತಂತ್ರವಾಗಿ ವೃತ್ತಿ ಆರಂಭಿಸಿದ ಹೊಸದರಲ್ಲಿ ನಡೆದ ಪ್ರಸಂಗವೊಂದು ಈಕೆಯ ಬಾಳಿನ ದಾರಿಯನ್ನು ನಿರ್ಧರಿಸಿತು. ಸ್ಕಿಜೊಫ್ರೇನಿಯಾ ಎಂಬ ಚಿತ್ತವಿಕಾರವಿದೆಯೆಂದು ವೈದ್ಯರು ನಿರ್ಣಯಿಸಿದ್ದ ತರುಣಿಯೊಬ್ಬಳು ಚಿಕಿತ್ಸೆಗೆ ಬರುತ್ತಿದ್ದಳು. ಸುಮಾರು ಆರು ತಿಂಗಳಲ್ಲಿ ಬಹಳಮಟ್ಟಿಗೆ ಗುಣವಾಯಿತು. ಅಷ್ಟರಲ್ಲಿ ಆಕೆಯ ತಾಯಿ, ಮಗಳನ್ನು ತನ್ನಿಂದ ದೂರಮಾಡುತ್ತಿದ್ದೀರೆಂದು ಫೋನಿನಲ್ಲಿ ಆಕ್ಷೇಪಿಸಿ, ಕೋರ್ಟಿಗೆಳೆಯುವ ಬೆದರಿಕೆ ಹಾಕಿದರು. ಬೇರೆಯವರಾಗಿದ್ದರೆ ವಕೀಲರನ್ನು ಹುಡುಕುತ್ತಿದ್ದರು. ಸಟೀರ್ ಆ ಗರ್ಜನೆಯ ಕೆಳಗೆ ಅಡಗಿದ್ದ ಮೊರೆಯನ್ನು ಕೇಳಿಸಿಕೊಂಡು, ತಾಯಿಯನ್ನೂ ಬರಹೇಳಿದರು. ತಾಯಿ ಬಂದು ಕುಳಿತದ್ದೇ ತಡ, ಗುಣವಾಗಿದ್ದ ಮಗಳು ಮೊದಲಿನ ಸ್ಥಿತಿಗೆ ಜಾರಿದಳು! ಮಾತಿಗಿಂತ ಹೆಚ್ಚಾಗಿ ನೋಟ, ದನಿ, ಕುಳಿತ ಭಂಗಿಗಳಲ್ಲಿ ಇಬ್ಬರ ನಡುವೆ ಏನೋ ನಡೆಯುತ್ತಿತ್ತು. ಅದನ್ನು ಸರಿದೂಗಿಸಿದ ಬಳಿಕ ತಂದೆಯನ್ನು ಕರೆಸಿದರು. ಮತ್ತೆ ಎಲ್ಲವೂ ಏರುಪೇರು. ಕಡೆಗೆ ಮನೆಯ ಕಣ್ಮಣಿಯಾದ ಮಗನೂ ಬಂದಾಗಲೇ ಚಿತ್ರ ಪೂರ್ಣವಾಯಿತು. ರೋಗಿಯ ಬಂಧುಗಳನ್ನು ಚಿಕಿತ್ಸೆಯ ಕೋಣೆಯೊಳಗೆ ಬಿಡಬಾರದೆಂಬುದು ಅಂದಿನ ಮನೋವೈದ್ಯರ ಕಟ್ಟುನಿಟ್ಟು. ವೈದ್ಯ ಪದವಿಯೂ ಇಲ್ಲದ ಒಬ್ಬ ಹೆಂಗಸು ಅದನ್ನು ಮುರಿದದ್ದು ಸಣ್ಣ ಸಾಹಸವಲ್ಲ.

ಸಂಸಾರವನ್ನು ಆಕೆ ಸೂತ್ರಗಳಿಂದ ತೂಗುಹಾಕಿದ ತೊಟ್ಟಿಲ ಆಟಿಕೆಗೆ ಹೋಲಿಸುತ್ತಿದ್ದರು. ಒಂದು ಬಿಲ್ಲೆಯನ್ನು ಮುಟ್ಟಿದರೆ ಉಳಿದವೆಲ್ಲ ಅಲುಗುವುವು. ಹೋಟೆಲಿನ ಗಲ್ಲಾದಲ್ಲಿ ಬಹುಕಾಲ ಕುಳಿತ ಈ ಲೇಖಕನಿಗೆ ಇನ್ನೊಂದು ಹೋಲಿಕೆ ತೋರುತ್ತದೆ. ಬೆಳಗ್ಗೆ ಹಾಲು ಒಡೆಯಿತೆಂದು ಮಾಲೀಕನು ಅಡಿಗೆಯವರ ಮೇಲೆ ಹರಿಹಾಯುವನು. ಅವರು ಸಪ್ಲೈಯರನ ಮೇಲೆ. ಅವನು ಕ್ಲೀನರನ ಮೇಲೆ. ಕಡೆಗೆ ಆ ಹುಡುಗನ ಕೈಯಿಂದ ನಾಲ್ಕು ಕಪ್ಪು ಬೀಳುವುವು. ಕಪ್ಪಿನ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿದದ್ದುಂಟು. ಹಾಗೆ ಹಿಡಿದವರಲ್ಲಿ ನಾವೂ ಒಬ್ಬರು.

1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬಲ್ಲಿ ಡಾನ್ ಜಾಕ್ಸನ್ ಎಂಬ ವೈದ್ಯರು ಮನೋಸಂಶೋಧನ ಸಂಸ್ಥೆಯನ್ನು ಕಟ್ಟಿದಾಗ ಸಟೀರ್ ಅವರ ಜತೆಗೂಡಿದರು. ಸಂಸಾರದಲ್ಲಿ ಮಾತು ಹೇಗೆ ಸಾಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೇ ಅಲ್ಲಿಯ ಸಂಶೋಧನೆ. ಕುಟುಂಬ ಚಿಕಿತ್ಸೆಯಲ್ಲಿ ಕ್ರಮಬದ್ಧ ಶಿಕ್ಷಣ ಕೊಡುವ ಕಾರ್ಯವನ್ನು ಈಕೆಯೇ ನಡೆಸಿದರು. 1964ರಲ್ಲಿ ಪ್ರಕಟವಾದ ಈಕೆಯ ಮೊದಲ ಗ್ರಂಥ ಈ ವಿದ್ಯೆಯವರಿಗೆ ಕೈಪಿಡಿಯಾಯಿತು. 1972ರಲ್ಲಿ ಬಂದ ಇನ್ನೊಂದು ಸಾಮಾನ್ಯ ಗೃಹಸ್ಥರ ಕೈಗೂ ತಲುಪಿತು.

ಮನಸ್ಸಿಗೆ ಒತ್ತಡ ಬಿದ್ದಾಗ ಜನರು ನಾಲ್ಕು ವಿಧದಲ್ಲಿ ಅಡಗಿಕೊಳ್ಳುವರೆಂದು ಆಕೆ ಕಂಡುಕೊಂಡರು. ಒಬ್ಬನು ಬೆರಳು ತೋರಿಸಿ ದೂರುವನು. ಒಬ್ಬನು ಎಲ್ಲಕ್ಕೂ ಹೂಂಗುಟ್ಟಿ ಓಲೈಸುವನು. ಇನ್ನೊಬ್ಬನು ಮರದ ಬೊಂಬೆಯಂತೆ ಸೆಟೆದು ಬರೀ ತರ್ಕ ನುಡಿಯುವನು. ಮತ್ತೊಬ್ಬನು ಸಂಬಂಧವಿಲ್ಲದ ಮಾತೆತ್ತಿ ಜಾರಿಕೊಳ್ಳುವನು. ಒಳಗಿರುವುದೂ ಹೊರಗೆ ಆಡುವುದೂ ಒಂದೇ ಆದ ಐದನೆಯ ಬಗೆ ವಿರಳ. ಸಟೀರ್ ಇದನ್ನು ಬೋಧಿಸಿ ಬಿಡುತ್ತಿರಲಿಲ್ಲ; ಗಂಡನನ್ನು ಬೆರಳು ಚಾಚಿ ನಿಲ್ಲಿಸಿ, ಹೆಂಡತಿಯನ್ನು ಮೊಣಕಾಲೂರಿಸಿ, ಹಾಗೆಯೇ ಸ್ವಲ್ಪ ಹೊತ್ತು ಇರಿಸುತ್ತಿದ್ದರು. ವರ್ಷಾನುಗಟ್ಟಲೆ ಆಡಿದ ಆಟ ಮೈನೋವಾಗಿ ಅರಿವಿಗೆ ಬರುತ್ತಿತ್ತು. ವರ್ಷಕ್ಕೊಮ್ಮೆ ಊರಿಗೆ ಹೋಗುವವರ ಫೋನಿನ ಸಂಭಾಷಣೆಯಲ್ಲಿ ಈ ನಾಲ್ಕು ವಿಧಗಳೂ ಸಿಗುತ್ತವೆ. ಹಣ ತಲುಪಿತೆ ಎಂಬುದು ವಿಚಾರಣೆಯಾಗುವ ಮೊದಲೇ ತಡವೇಕಾಯಿತೆಂಬ ದೂರು. ಅದಕ್ಕೆ ಇತ್ತಣಿಂದ ಮಳೆಯ ವಿಷಯ.

ಇಷ್ಟೆಲ್ಲ ಬಲ್ಲ ಈಕೆಯ ಸ್ವಂತ ಸಂಸಾರ ಮಾತ್ರ ನಿಲ್ಲಲಿಲ್ಲ. 1941ರ ಮೊದಲ ವಿವಾಹ 1949ರಲ್ಲಿ ಮುರಿಯಿತು. 1951ರಲ್ಲಿ ನಾರ್ಮನ್ ಸಟೀರ್ ಅವರೊಡನೆ ಆದ ಎರಡನೆಯದು 1957ರಲ್ಲಿ ಕೊನೆಗೊಂಡಿತು. ಇಬ್ಬರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು. ಇದನ್ನು ಎತ್ತಿ ಹೀಯಾಳಿಸುವವರುಂಟು. ಅಡಿಗೆ ಭಟ್ಟರಿಗೆ ಅಜೀರ್ಣವಾದರೆ ಅವರು ಮಾಡಿದ ಸಾರು ಕೆಡುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸಹೋದ್ಯೋಗಿಗಳಿಂದಲೂ ಟೀಕೆ ಬಂದಿತು. 1974ರಲ್ಲಿ ವೆನಿಜುವೆಲಾದಲ್ಲಿ ಕೂಡಿದ ಸಭೆಯೊಂದರಲ್ಲಿ ಸಾಲ್ವಡೋರ್ ಮಿನೂಚಿನ್ ಎಂಬ ಪ್ರಸಿದ್ಧ ವೈದ್ಯರು, ಕುಟುಂಬ ಚಿಕಿತ್ಸೆಗೆ ಪ್ರೀತಿಯೊಂದೇ ಸಾಲದು, ಅದು ವಿಜ್ಞಾನ ಮತ್ತು ಕೌಶಲವೆಂದು ವಾದಿಸಿದರು. ಸಟೀರ್ ಆ ಮೇಲೆ ತಮ್ಮದೇ ದಾರಿ ಹಿಡಿದು ದೇಶದೇಶಗಳಲ್ಲಿ ಶಿಬಿರ ನಡೆಸಿದರು. ಆ ಟೀಕೆಯಲ್ಲಿ ಹುರುಳಿತ್ತು. ಸ್ಕಿಜೊಫ್ರೇನಿಯಾಕ್ಕೆ ತಾಯಿಯೇ ಕಾರಣ, ಮನೆಯ ಮಾತೇ ಕಾರಣ ಎಂದು ಆ ಕಾಲದ ಕೆಲವರು ಹೇಳಿದ್ದು ನಿಲ್ಲಲಿಲ್ಲ. ಎಷ್ಟೋ ತಾಯಂದಿರು ಅನ್ಯಾಯವಾಗಿ ನೊಂದರು. ಆದರೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮೊದಲಾದವರು ಅಳೆದು ನೋಡಿದಾಗ, ಹಳಿಯುವಿಕೆ, ಹಗೆ, ಅತಿಯಾದ ಹಿಡಿತಗಳಿರುವ ಮನೆಗೆ ಮರಳಿದ ರೋಗಿಗಳಿಗೆ ರೋಗ ಹೆಚ್ಚಾಗಿ ಮರುಕಳಿಸುವುದೆಂದು ಕಂಡುಬಂದಿತು. ಇದೇ ಅಳತೆಗೋಲಿನಿಂದ ಚಂಡೀಗಢದಲ್ಲಿ ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಅಲ್ಲಿಯ ಬಂಧುಗಳಲ್ಲಿ ಹಳಿಯುವಿಕೆ ಲಂಡನ್ನಿನವರಿಗಿಂತ ಕಡಮೆಯಿತ್ತು. ನಮ್ಮ ದೇಶದಲ್ಲಿ 1950ರ ದಶಕದಲ್ಲಿಯೇ ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲಿ ಡೇರೆ ಹಾಕಿಸಿ ಜತೆಯಲ್ಲಿಯೇ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂದು ಸಂಸಾರ ಸಮೇತ ಚಿಕಿತ್ಸೆ ಪಡೆಯುವ ಏರ್ಪಾಡಿದೆ.

1988ರ ಮೇ ತಿಂಗಳಲ್ಲಿ ಸಟೀರ್ ಸೋವಿಯೆತ್ ದೇಶದಲ್ಲಿ ಸಂಚರಿಸಿ ಬೋಧಿಸಿದರು. ಮರಳಿದ ಬಳಿಕ ಮೇದೋಜೀರಕಾಂಗದ ಕ್ಯಾನ್ಸರ್ ಇರುವುದು ತಿಳಿಯಿತು. ಕೊಪ್ಪರಿಗೆಯ ಕಥೆಯಿರುವ ಆ ಗೃಹಸ್ಥರ ಗ್ರಂಥವನ್ನು ಆಕೆ ತಿದ್ದಿ ಬೆಳೆಸಿದ್ದರು. ಅದರ ಹೊಸ ಆವೃತ್ತಿ ಅದೇ ವರ್ಷ ಹೊರಬಂದಿತು. ಸೆಪ್ಟೆಂಬರ್ 10ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, 72ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು.